ದೇವಡಿಯ ಕೆಳಗಿನ ಹಗೇವು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸುರಪುರದ ನಮ್ಮ ಓಣಿಯಲ್ಲಿ ಜನ ಮೊದಲು ಬಾಗಿಲನ್ನು ಅರ್ಧ ಮುಚ್ಚುತ್ತಾರೆ, ಆಮೇಲೆ ಮಾತಿಗೆ ನಿಲ್ಲುತ್ತಾರೆ. ನಾನೂ ಅವತ್ತು ಹಾಗೇ ಮಾಡಿದೆ. ಹೊರಗೆ ನಿಂತಿದ್ದವಳಿಗೆ ಮೂವತ್ತರ ಆಸುಪಾಸು. ಹೆಗಲಿಗೆ ಚೀಲ, ಕೈಯಲ್ಲಿ ಅಳತೆಯ ಟೇಪು, ಕೊರಳಲ್ಲಿ ಫೋಟೋ ಇರುವ ಐಡೆಂಟಿಟಿ ಕಾರ್ಡು. ತಾನು ಆರ್ಕಿಟೆಕ್ಟ್, ಹಳೆಯ ಕಟ್ಟಡಗಳನ್ನು ಉಳಿಸುವ ಒಂದು ಸಂಸ್ಥೆಯಿಂದ ಬಂದಿದ್ದೇನೆ ಎಂದಳು. ಶಹಾಪುರದಲ್ಲಿ ಆಫೀಸು. ನಮ್ಮ ದೇವಡಿಯ ಅಳತೆ ತೆಗೆದು ನಕ್ಷೆ ಬರೆಯುತ್ತಾರಂತೆ, ಬಿರುಕು ಯಾಕೆ ಬಂತು ಅಂತ ನೋಡುತ್ತಾರಂತೆ, ನಾವು ಒಪ್ಪಿದರೆ ರಿಪೇರಿಯನ್ನೂ ಅವರೇ ಮಾಡಿಸುತ್ತಾರಂತೆ.

"ನೀವೇನೂ ಕೊಡೋದು ಬ್ಯಾಡ್ರಿ ಆಂಟಿ."

"ಏನೂ ಕೊಡೋದು ಬ್ಯಾಡ ಅಂದ್ರ, ಏನು ಒಯ್ಯೋರಿದ್ದೀರಿ?" ನನ್ನ ಬೆನ್ನ ಹಿಂದಿನಿಂದ ಪ್ರಶ್ನೆ ಬಂತು.

ಕೇಳಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಎಂಟು ವರ್ಷ ಚಿಕ್ಕವಳು. ಆದರೆ ಆ ಮನೆಯಲ್ಲಿ ಅವಳ ಬೇರು ನನ್ನದಕ್ಕಿಂತ ಆಳ. ಅವಳು ನಮ್ಮ ಅತ್ತೆಯ ಸ್ವಂತ ತಮ್ಮನ ಮಗಳು. ನಾನೋ ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿ ಬಂದವಳು, ಫೋರ್ಕು ಹಿಡಿಯಲು ಬರುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮದುವೆಯಾಗಿ ಐವತ್ತು ವರ್ಷ ದಾಟಿದರೂ ನಾನು ಒಂದು ಇಂಗ್ಲಿಷ್ ಶಬ್ದ ಆಡಿದರೆ ಅವಳು ತಲೆ ಎತ್ತಿ ನೋಡುತ್ತಾಳೆ, ಪಾತ್ರೆಯ ಮುಚ್ಚಳ ಎಲ್ಲೋ ಸರಿದ ಸದ್ದಾಯಿತು ಎನ್ನುವ ಹಾಗೆ.

ದೇವಡಿ ಅಂದರೆ ನಮ್ಮ ಮನೆಯ ಬೀದಿ ಕಡೆಯ ಮುಖ. ಕಲ್ಲಿನ ಕಮಾನು, ಅದರೊಳಗೆ ಕೆತ್ತನೆಯ ದೊಡ್ಡ ಬಾಗಿಲು, ಒಳಗೆ ಕಾಲಿಟ್ಟರೆ ಎಡಕ್ಕೊಂದು ಬಲಕ್ಕೊಂದು ಕಟ್ಟೆ. ಬಲಗಡೆಯ ಕಟ್ಟೆಯನ್ನು ಟೇಲರ್ ಒಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಕಮಾನಿನ ಮೇಲೆ ಒಂದು ಸಣ್ಣ ಕೋಣೆ. ನನ್ನ ಯಜಮಾನರೂ ನಾನೂ ಸಂಸಾರ ಮಾಡಿದ್ದು ಆ ಕೋಣೆಯಲ್ಲಿ. ಅವರು ಹೋದದ್ದೂ ಅಲ್ಲೇ. ನನ್ನ ಪುಸ್ತಕಗಳು ಇವತ್ತಿಗೂ ಅಲ್ಲಿವೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಕೆಳಗಿಳಿದು ಬಂದೆ, ಪುಸ್ತಕಗಳು ಬರಲಿಲ್ಲ. ಉಳಿದ ಮನೆಯೆಲ್ಲ ನೆಗೆಣ್ಣಿಯದು, ಅವಳ ಮಕ್ಕಳದು, ಮೊಮ್ಮಕ್ಕಳದು. ಸದ್ದುಗದ್ದಲಕ್ಕೆ ಕೊರತೆಯಿಲ್ಲ.

ಎರಡು ಮಳೆಗಾಲದ ಹಿಂದೆ ಕಮಾನಿನ ಬಲಗಾಲಿನಿಂದ ಒಂದು ಬಿರುಕು ಎದ್ದಿತು. ಮೊದಲು ಕೂದಲೆಳೆ. ಆಮೇಲೆ ಬೆರಳು ತೂರುವಷ್ಟು. ನೆಗೆಣ್ಣಿಯ ಗಂಡ, ನನ್ನ ಮೈದುನ, ಹುಣಸಗಿಯಲ್ಲಿ ಬೀಜದ ಅಂಗಡಿ ಇಟ್ಟವನು, ನೇರ ಮಾತಿನವನು. "ದಸರಾ ತನ ನೋಡ್ತೀನಿ ವೈನಿ. ಅಷ್ಟರೊಳಗ ಗಟ್ಟಿ ಆದ್ರ ಆತು. ಇಲ್ಲಾಂದ್ರ ಕೆಡವಿ ಎರಡು ಶಟರ್ ಅಂಗಡಿ ಹಾಕ್ತೀನಿ. ಯಾರ ತಲಿ ಮ್ಯಾಲರ ಬಿದ್ರ ನಾ ಏನು ಜವಾಬು ಕೊಡ್ಲಿ?" ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಕೆಡವಿದರೆ ಮೇಲಿನ ಕೋಣೆಯೂ ಹೋಗುತ್ತಿತ್ತು.

ಹೀಗಿರುವಾಗ ಈ ಆರ್ಕಿಟೆಕ್ಟ್ ಬಂದು ನಿಂತಿದ್ದಳು. ದೇವರೇ ಕಳಿಸಿದ ಅಂದುಕೊಳ್ಳಬೇಕಿತ್ತು. ಆದರೆ ನನಗೆ ಮೊದಲು ಹೊಳೆದದ್ದು, ನಮ್ಮ ಗೋಡೆ ಬಿರುಕು ಬಿಟ್ಟದ್ದು ಶಹಾಪುರಕ್ಕೆ ಹೇಗೆ ಗೊತ್ತಾಯಿತು?

ಅವಳು ನಾಳೆ ಬರುತ್ತೇನೆ ಎಂದು ಹೋದ ಮೇಲೆ ನೆಗೆಣ್ಣಿ ಬಾಗಿಲು ಹಾಕಿದಳು. "ಅಕ್ಕಾ, ಒಂದು ಮಾತು. ಅಕಿ ಜೋಡಿ ಇಂಗ್ಲಿಷ್‌ನಾಗ ಮಾತಾಡಬ್ಯಾಡ್ರಿ. ಅಕಿ ಏನು ಕೇಳ್ತಾಳ, ನೀವು ಏನು ಅಂತೀರಿ, ನನಗೂ ತಿಳೀಲಿ."

"ನಾ ಏನು ಹೇಳ್ತೀನಂತ ನಿನಗ ಹೆದರಿಕಿ?"

"ನಂಗ್ಯಾಕ ಹೆದರಿಕಿ? ಹೆದರೋರು ಹೆದರ್ತಾರ."

ಊರಲ್ಲಿ ಮಾತು ಸುಮ್ಮನೆ ಕೂರುವುದಿಲ್ಲ. ಸಂಜೆಯೊಳಗೆ ಟೇಲರ್ ಮೂರು ಸುದ್ದಿ ತಂದ. ಒಂದು, ಈ ಮಂದಿ ಲಿಸ್ಟಿನಲ್ಲಿ ಮನೆ ಬರೆದರೆ ಆಮೇಲೆ ಗೋಡೆಗೆ ಮೊಳೆ ಹೊಡೆಯಲೂ ಅವರನ್ನು ಕೇಳಬೇಕು. ಎರಡು, ಎಲ್ಲೋ ಒಂದೂರಲ್ಲಿ ಬಾಗಿಲಿನ ಫೋಟೋ ತೆಗೆದುಕೊಂಡು ಹೋದ ತಿಂಗಳಿಗೇ ಬಾಗಿಲು ಕಾಣೆಯಾಗಿ ಯಾವುದೋ ಹೋಟೆಲಿನಲ್ಲಿ ಪತ್ತೆಯಾಯಿತು. ಮೂರನೆಯದನ್ನು ಅವನು ದನಿ ತಗ್ಗಿಸಿ ಹೇಳಿದ: "ಅಮ್ಮಾ, ಇವ್ರಿಗಿ ಗೋಡಿ ಗೀಡಿ ಬೇಕಿಲ್ಲ. ಖಜಾನಾ! ನೆಲದಾಗ ಏನದ ಅಂತ ನೋಡೋ ಮಷೀನು ಇರ್ತದಂತ ಇವ್ರ ಹತ್ರ."

ನೆಗೆಣ್ಣಿ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದಳು. ನಾನು ಅವಳ ಕೈಯನ್ನೇ ನೋಡಿದೆ.

ನಮ್ಮ ಮನೆಯ ನೆಲದಲ್ಲಿ ಇದ್ದದ್ದು ಒಂದು ಹಗೇವು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಹಿಂದೆ ಸರಕಾರದ ಮಂದಿ ಮನೆಮನೆಗೆ ಬಂದು ಲೆವಿ ಎಂದು ಕಾಳು ಅಳೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಹಗೇವಿನ ಬಾಯಿ ಎಲ್ಲಿದೆ ಎಂದು ಬೀಗರಿಗೂ ಹೇಳುತ್ತಿರಲಿಲ್ಲ. ಮೇಲೆ ಪರಸಿಕಲ್ಲು ಹಾಸಿ, ಕಲ್ಲಿನ ಮೇಲೆ ಮಂಚ ಹಾಕಿ, ಮಂಚದ ಮೇಲೆ ಮುದುಕಿಯೊಬ್ಬಳನ್ನು ಮಲಗಿಸಿ ಬಿಡುವುದು. ಲೆವಿ ಹೋಯಿತು, ಜೋಳ ಹೋಯಿತು, ನಾವು ರೇಷನ್ ಅಕ್ಕಿ ತಿನ್ನುವವರಾದೆವು. ಹೇಳಬಾರದು ಎನ್ನುವುದು ಮಾತ್ರ ಉಳಿಯಿತು.

ನನಗೂ ಯಾರೂ ಹೇಳಿರಲಿಲ್ಲ. ಅತ್ತೆ ಕೊನೆಗಾಲದಲ್ಲಿ ನೆಗೆಣ್ಣಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ನಾನು ಕಾಲು ಒತ್ತುತ್ತಾ ಕೂತಿದ್ದೆ. ಹಿರಿಯ ಸೊಸೆ ನಾನು. ಆದರೆ ನಾನಾಗಿಯೇ ಕಂಡುಹಿಡಿದುಕೊಂಡೆ. ಪ್ರತಿ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಲು ಹೊರಡುವ ಮುಂಚೆ ಅತ್ತೆ ದೇವಡಿಯ ಬಲಮೂಲೆಯಲ್ಲಿ, ದೇವರಿಲ್ಲದ ದೀಪವಿಲ್ಲದ ಜಾಗದಲ್ಲಿ, ಸಜ್ಜೆ ಕಡುಬಿನ ಒಂದು ಚೂರು ಇಟ್ಟು ಹೋಗುತ್ತಿದ್ದರು. ಅವರ ನಂತರ ನೆಗೆಣ್ಣಿ ಇಡತೊಡಗಿದಳು. ಒಂದು ಸಲ ನಾನು ಅದೇ ಕಲ್ಲಿನ ಮೇಲೆ ಕೋಲು ಊರಿ ನಿಂತೆ. ಸದ್ದು ಬೇರೆ. ಗೊತ್ತಾಯಿತು, ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಗೊತ್ತೆನ್ನುವುದು ಅವಳಿಗೆ ಗೊತ್ತೋ ಇಲ್ಲವೋ, ಅದು ನನಗೆ ಗೊತ್ತಿರಲಿಲ್ಲ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಹೀಗೆ ಬದುಕಿದೆವು.

ಅಳತೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ದೇವಡಿಯ ಬಲಮೂಲೆಗೆ ಒಂದು ಮಂಚ ಬಂದಿತ್ತು. ಮಂಚದ ಮೇಲೆ ಎರಡು ಗಾದಿ, ಗಾದಿಯ ಮೇಲೆ ನೆಗೆಣ್ಣಿ, ಹುಣಸೆಹಣ್ಣಿನ ಬೀಜ ತೆಗೆಯುತ್ತಾ.

ಆರ್ಕಿಟೆಕ್ಟ್ ಎಲ್ಲ ಕಡೆ ಟೇಪು ಹಿಡಿದಳು. ಕಮಾನಿನ ಎತ್ತರ, ಬಾಗಿಲಿನ ಅಗಲ, ಬಿರುಕಿನ ಉದ್ದ. ಬಿರುಕಿನ ಮೇಲೆ ಅಲ್ಲಲ್ಲಿ ಗಾಜಿನ ಚಿಕ್ಕ ಪಟ್ಟಿ ಅಂಟಿಸಿದಳು, ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆಯಂತೆ. ಆಮೇಲೆ ಒಂದು ಕಬ್ಬಿಣದ ಸಲಾಕೆಯಿಂದ ನೆಲದ ಕಲ್ಲುಗಳನ್ನು ಒಂದೊಂದಾಗಿ ಕುಟ್ಟುತ್ತಾ, ತಲೆ ಓರೆ ಮಾಡಿ ಕೇಳುತ್ತಾ ಬಂದಳು. ಮಂಚದ ಹತ್ತಿರ ನಿಂತಳು.

"ಬಿರುಕು ಮ್ಯಾಲಿಂದ ಬಂದಿಲ್ರಿ ಆಂಟಿ, ಬುಡದಾಗಿಂದ ಬಂದದ. ನೆಲ ಕುಸದದ. ಇಂಥ ಮನಿಗಳೊಳಗ ಹಗೇವು ಇರ್ತಾವ. ನಿಮ್ಮಲ್ಲಿ ಅದ ಏನ್ರಿ?"

"ಇಲ್ಲ," ಎಂದಳು ನೆಗೆಣ್ಣಿ, ಬೀಜವೊಂದನ್ನು ತಟ್ಟೆಗೆ ಹಾಕಿ.

"ಮಂಚ ಸ್ವಲ್ಪ ಸರಿಸಬಹುದೇನ್ರಿ?"

"ನನಗ ಮಂಡಿ ನೋವು."

ಮಂಡಿನೋವು ನನ್ನದು, ಅವಳದಲ್ಲ. ಆರ್ಕಿಟೆಕ್ಟ್ ನನ್ನ ಕಡೆ ತಿರುಗಿದಳು. ನಾನು ಏನೆನ್ನಬೇಕಿತ್ತು? ನೆಗೆಣ್ಣಿಯೂ ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಹುಣಸೆ ಹಾಗೇ ಹಿಡಿದು.

"ಇಲ್ಲಮ್ಮಾ," ಎಂದೆ. "ನಮ್ಮಲ್ಲಿ ಅಂಥಾದ್ದೇನಿಲ್ಲ."

ಅವಳು ಹಿತ್ತಲಿಗೆ ಕೈ ತೊಳೆಯಲು ಹೋದಾಗ ಚೀಲದ ಮೇಲೆ ನೋಟ್‌ಬುಕ್ ಬಿಟ್ಟು ಹೋದಳು. ಇನ್ನೊಬ್ಬರ ಬರಹ ಓದಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಅಷ್ಟರಲ್ಲಿ ಅಡಿಗೆಗೆಂದು ಒಳಗೆ ಹೋಗಿದ್ದ ನಾನು ಎದ್ದು ಬಂದು ಓದಿದೆ. ನಮ್ಮ ದೇವಡಿಯ ಚಿತ್ರ ಎಷ್ಟು ಚೆಂದ ಬರೆದಿದ್ದಳೆಂದರೆ ಒಂದು ಕ್ಷಣ ಅನುಮಾನವೇ ಮರೆತುಹೋಯಿತು. ಮೇಲಿನ ಕೋಣೆಯ ಕಿಟಕಿಯ ಮುರಿದ ಸರಳನ್ನೂ ಬಿಟ್ಟಿರಲಿಲ್ಲ. ಬಲಮೂಲೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ: ಆಕ್ಯುಪಂಟ್ಸ್ ನಾಟ್ ಟ್ರೂತ್‌ಫುಲ್. ಚೆಕ್ ಅಗೇನ್.

ಪುಟ ಮುಚ್ಚಿಟ್ಟೆ. ಎಪ್ಪತ್ತೈದು ದಾಟಿದ ಮೇಲೆ ಯಾರೋ ನನ್ನನ್ನು ಸುಳ್ಳಿ ಅಂತ ಬರೆದದ್ದು, ಅದೂ ಇಷ್ಟು ಒಳ್ಳೆಯ ಹ್ಯಾಂಡ್‌ರೈಟಿಂಗಿನಲ್ಲಿ.

"ಏನು ಬರದಾಳ?" ನೆಗೆಣ್ಣಿ ಮಂಚದಿಂದಲೇ ಪಿಸುಗುಟ್ಟಿದಳು.

"ಅಳತಿ," ಎಂದೆ. "ಬರೇ ಅಳತಿ."

ಅವಳು ನಂಬಲಿಲ್ಲ. ಅವಳ ಮುಖದಲ್ಲೇ ಇತ್ತು.

ಸಂಸ್ಥೆಯವರು ಒಪ್ಪಿಗೆಯ ಕಾಗದ ಬಿಟ್ಟು ಹೋಗಿದ್ದರು. ಎರಡು ಪುಟ. ಭೂತಗನ್ನಡಿ ಹಿಡಿದು ನಾಲ್ಕು ಸಲ ಓದಿದೆ. ಎಲ್ಲೂ ಹುಳುಕು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದೇ ಇನ್ನಷ್ಟು ಗಾಬರಿಯಾಯಿತು. ಇಷ್ಟು ಸ್ವಚ್ಛ ಕಾಗದವನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ಮರುದಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಶಹಾಪುರದ ಬಸ್ಸು ಹತ್ತಿದೆ.

ಆಫೀಸು ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ಆರ್ಕಿಟೆಕ್ಟ್ ಇರಲಿಲ್ಲ, ರಿಟೈರ್ ಆದ ಮೇಷ್ಟರ ಹಾಗಿದ್ದ ಒಬ್ಬ ಸಜ್ಜನರು ಖುರ್ಚಿ ಕೊಟ್ಟರು. ನನ್ನ ಕಣ್ಣು ಮೊದಲು ಬಿದ್ದದ್ದು ಅವರ ಹಿಂದಿನ ರ‍್ಯಾಕಿನ ಮೇಲೆ. ಹಿತ್ತಾಳೆಯ ಚಿಲಕ, ಅಗಳಿ, ಕೆತ್ತಿದ ಮರದ ತುಂಡು, ಬಾಗಿಲಿನ ಬಳೆ. ಪ್ರತಿಯೊಂದಕ್ಕೂ ದಾರ ಕಟ್ಟಿ ಚೀಟಿ ಅಂಟಿಸಿದ್ದರು. ಹಾಗಾದರೆ ಟೇಲರ್ ಹೇಳಿದ್ದು ಸುಳ್ಳಲ್ಲ!

"ಇವೆಲ್ಲ ಎಲ್ಲಿಂದ ಬಂದ್ವು?" ಎಂದೆ.

"ನಾವು ಉಳಿಸಲಿಕ್ಕೆ ಆಗದ ಮನೆಗಳದ್ದಮ್ಮಾ," ಅಂದರು. "ಕೆಡವಿದ ಮೇಲೆ ಕಸದಲ್ಲಿ ಬಿದ್ದಿರುತ್ತವೆ. ಕೇಳಿ ತರುತ್ತೇವೆ. ಯಾವ ಮನೆ, ಯಾವ ಓಣಿ ಅಂತ ಬರೆದಿಡುತ್ತೇವೆ."

ಉತ್ತರ ಒಳ್ಳೆಯದಿತ್ತು. ಸಿದ್ಧಮಾಡಿ ಇಟ್ಟುಕೊಂಡ ಉತ್ತರವೂ ಹೀಗೇ ಇರುತ್ತದೆ. ನಮ್ಮ ಬಿರುಕು ನಿಮಗೆ ಹೇಗೆ ಗೊತ್ತಾಯಿತು ಎಂದರೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದಲ್ಲಮ್ಮಾ ಎಂದರು. ಅವರು ರಿಪೇರಿ ಮಾಡಿಸಿದ ಮನೆಯ ವಿಳಾಸ ಕೇಳಿದೆ. ಬರೆದು ಕೊಟ್ಟರು. ಹೋದೆ. ಜಗಲಿಯ ಮೇಲೆ ನನ್ನ ವಯಸ್ಸಿನ ಒಬ್ಬ ಅಜ್ಜ ಎಲೆ ಅಡಿಕೆ ಹಾಕುತ್ತಿದ್ದ. ಅವರು ಹ್ಯಾಂಗ್ರಿ ಮಂದಿ ಎಂದು ಕೇಳಿದೆ.

"ಕೆಲಸ ಚಲೋ ಮಾಡ್ಯಾರ. ಸಿಮೆಂಟ್ ಮುಟ್ಟಂಗಿಲ್ಲ, ಬರೇ ಸುಣ್ಣದ ಗಚ್ಚು. ಒಂದು ಕಲ್ಲು ಆಚೀಚಿ ಆಗಿಲ್ಲ," ಎಂದ. ಆಮೇಲೆ ತಲೆ ಅಲ್ಲಾಡಿಸಿದ. "ಆದ್ರ ಎರಡು ತಿಂಗಳಿಗೊಮ್ಮೆ ಬಂದು ನೋಡ್ತಾರ್ರಿ. ಮಗಳನ್ನ ಕೊಟ್ಟ ಮನಿಗೆ ಬೀಗರು ಬಂದಂಗ. ಇಲ್ಯಾಕ ಮೊಳಿ ಹೊಡದೀರಿ, ಇಲ್ಯಾಕ ಸುಣ್ಣ ಬಿಟ್ಟಾದ ಅಂತ. ಬ್ಯಾಸರ ಬರ್ತದ."

ಇದರಿಂದ ನನಗೆ ಎಷ್ಟೋ ಸಮಾಧಾನವಾಯಿತು. ಕೊಟ್ಟವರಿಗೆ ಏನಾದರೂ ಬೇಕೇ ಬೇಕು. ಇವರಿಗೆ ಬೇಕಾದದ್ದು ಬಂದು ನೋಡುವ ಹಕ್ಕು. ಅಷ್ಟನ್ನು ಕೊಡಬಹುದು. ಬಸ್ಸಿನಲ್ಲಿ ಬರುವಾಗ ಸಹಿ ಮಾಡೋಣ ಎಂದು ತೀರ್ಮಾನಿಸಿದೆ. ಮೈದುನನೂ ಒಪ್ಪಿದ. ನೆಗೆಣ್ಣಿ ಗಾದಿ ಕೊಡವಿ ಮತ್ತೆ ಹಾಸಿದಳು. ಮಂಚ ಇದ್ದಲ್ಲೇ ಇತ್ತು.

ಕೆಲಸದ ದಿನ ಗೋಡೆ ಕಟ್ಟುವ ಗೌಂಡಿ ರಾಮಸಮುದ್ರದಿಂದ ಬಂದ, ಜೊತೆಗೆ ನಾಲ್ಕು ಆಳು. ಗಚ್ಚು ಅರೆಯುವ ಕೆಲಸ ಹಿತ್ತಲಲ್ಲಿ ಶುರುವಾಯಿತು. ಗೋಡೆ ಬಿಚ್ಚುವ ಮುಂಚೆ ಕಮಾನಿಗೆ ಆಸರೆ ಕೊಡಬೇಕು. ಅದಕ್ಕೆ ತೆಂಗಿನ ಮರಕ್ಕಿಂತ ದಪ್ಪದ ಎರಡು ತೊಲೆಗಳನ್ನು ಹೊತ್ತು ತಂದರು. ಬಿರುಕಿನ ಗಾಜಿನ ಪಟ್ಟಿಗಳಲ್ಲಿ ಎರಡು ಅಷ್ಟರಲ್ಲೇ ಒಡೆದಿದ್ದವು. ಆರ್ಕಿಟೆಕ್ಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಕಡೆ ಗುರುತು ಹಾಕಿದಳು, ತೊಲೆಯ ಕಾಲು ನಿಲ್ಲುವ ಜಾಗ. ಒಂದು ಎಡಕ್ಕೆ. ಇನ್ನೊಂದು ಮಂಚದ ಕೆಳಗೆ.

ಈ ಸಲ ಅವಳು ಕೇಳಲಿಲ್ಲ. ಆಳುಗಳು ಮಂಚವನ್ನು ಗಾದಿ ಸಮೇತ ಎತ್ತಿ ಅಂಗಳಕ್ಕಿಟ್ಟರು. ನೆಗೆಣ್ಣಿ ಅಷ್ಟರಲ್ಲೇ ಕೆಳಗಿಳಿದು ಗೋಡೆಗೆ ಆನಿಕೊಂಡು ನಿಂತಿದ್ದಳು.

"ಅಲ್ಲಿ ಬ್ಯಾಡ್ರಿ. ಸ್ವಲ್ಪ ಈ ಕಡಿ ಹಚ್ಚರಿ," ಎಂದಳು.

"ಯಾಕ್ರಿ ಆಂಟಿ?"

"ಸುಮ್ನ. ನಾ ಹೇಳಾಕತ್ತೀನಿ."

"ಸುಮ್ನ ಅಂದ್ರ ಆಗಂಗಿಲ್ರಿ. ಭಾರ ಎಲ್ಲಾ ಇಲ್ಲೇ ಇಳೀತದ. ಆ ಕಡಿ ಹಚ್ಚಿದ್ರ ತೊಲಿ ಜಾರ್ತದ."

ಟೇಲರ್ ಕಟ್ಟೆಯ ಮೇಲೆ ಮಷೀನು ತುಳಿಯುತ್ತಲೇ ಇದ್ದ. ಆ ಕಟ್ಟೆ ಬಿಟ್ಟು ಎದ್ದೇಳು ಎಂದು ಗೌಂಡಿ ಆಗಲೇ ಎರಡು ಸಲ ಹೇಳಿದ್ದ. "ಏ ಭಾಯ್, ಶಾದಿ ಮನಿ ಬ್ಲೌಜ್ ಅದಾವ. ಹನ್ನೆರಡು ಪೀಸ್. ಸಂಜೀಕ ಬರ್ತಾರ. ನೀ ನಿನ್ನ ಕೆಲಸ ಮಾಡು, ನಾ ನಂದು ಮಾಡ್ತೀನಿ. ಇಷ್ಟು ದಿನ ಬೀಳದಿದ್ದ ಕಮಾನು ಇವತ್ತೇ ಬೀಳ್ತದೇನು?"

ತೊಲೆ ನಿಂತಿತು. ಗೌಂಡಿ ಅದರ ಬುಡಕ್ಕೆ ಮರದ ಬೆಣೆ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಪರಸಿಕಲ್ಲಿನ ಸಂದಿಯಿಂದ ಸಣ್ಣಗೆ ಧೂಳು ಎದ್ದಿತು. ಕಲ್ಲು ಒಂದು ಕೂದಲಷ್ಟು ಕೆಳಗಿಳಿದ ಹಾಗೆ ನನಗೆ ಕಂಡಿತು. ನಾನು ನೆಗೆಣ್ಣಿಯ ಕಡೆ ನೋಡಿದೆ. ಅವಳಿಗೂ ಕಂಡಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆಗೆ ಕೊಟ್ಟ ಮಾತು ಅವಳನ್ನು ತಡೆದಿತ್ತೆಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಬೇರೆ: ಬಿದ್ದರೆ ಬೀಳಲಿ, ಶಟರ್ ಅಂಗಡಿ ಆಗಲಿ ಎಂದು ಇವಳು ಕಾಯುತ್ತಿದ್ದಾಳೆಯೇ?

ನಾನು ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಎರಡೇ ಶಬ್ದ ಸಾಕಿತ್ತು, ನೆಗೆಣ್ಣಿಗೆ ತಿಳಿಯುತ್ತಿರಲಿಲ್ಲ, ಆಮೇಲೆ ಏನಾದರೂ ಸುಳ್ಳು ಹೇಳಿ ಸಂಭಾಳಿಸಬಹುದಿತ್ತು. ಆ ಎರಡು ಶಬ್ದ ನಾಲಿಗೆಯ ತುದಿಗೆ ಬಂದಿದ್ದವು ಕೂಡ.

"ನಿಲ್ಲಸ್ರಿ," ಎಂದೆ, ಅವಳಿಗೆ ಕೇಳುವ ಹಾಗೆ. "ಆ ಕಲ್ಲಿನ ಕೆಳಗ ಹಗೇವು ಅದ."

ಗೌಂಡಿಯ ಸುತ್ತಿಗೆ ಮೇಲೇ ನಿಂತಿತು. ಟೇಲರ್ ಹನ್ನೆರಡೂ ಬ್ಲೌಜ್ ಎದೆಗವಚಿಕೊಂಡು "ಯಾ ಅಲ್ಲಾ" ಎನ್ನುತ್ತಾ ಕಟ್ಟೆಯಿಂದ ಬೀದಿಗೇ ಹಾರಿದ. ನೆಗೆಣ್ಣಿ ನನ್ನನ್ನು ನೋಡಿದ ನೋಟ ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ನಿಮಗ್ಯಾರು ಹೇಳಿದ್ರು?" ಎಂದಳು. ಇಷ್ಟೇ.

"ಯಾರೂ ಹೇಳಲಿಲ್ಲ. ಅದೇ ನನ್ನ ಸಂಕಟ."

ಅವಳು ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ತೊಲೆ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಕಲ್ಲು ಎಬ್ಬಿಸಿದರು. ಒಳಗಿನಿಂದ ಬಂದ ವಾಸನೆಗೆ ಆಳುಗಳು ಮೂಗು ಮುಚ್ಚಿದರು. ಆರ್ಕಿಟೆಕ್ಟ್ ಬಗ್ಗಿ ಟಾರ್ಚ್ ಬಿಡಲು ಹೋದಳು, ಗೌಂಡಿ ಅವಳ ತೋಳು ಹಿಡಿದು ಎಳೆದ. "ಮೇಡಂ, ಹಗೇವಿಗೆ ಹಂಗ ಮುಖ ಕೊಡಬಾರ್ದು. ಹಳೀ ಗಾಳಿ ಇರ್ತದ, ಮನಿಷ್ಯಾ ಅಲ್ಲೇ ಮಲಗಿಬಿಡ್ತಾನ." ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎರಡಾಳುದ್ದ ಇಳಿಯುವುದರೊಳಗೆ ಅದು ಊದಿದ ಹಾಗೆ ಆರಿತು. ಮರುದಿನದ ತನಕ ಬಾಯಿ ತೆರೆದೇ ಇರಬೇಕು ಎಂದ.

ತೆರೆದ ಬಾಯಿಯನ್ನು ಯಾರು ಕಾಯಬೇಕು? ನೆಗೆಣ್ಣಿ ಅಡಿಗೆಮನೆಯಿಂದ ಹೊರಬಂದು ಖುರ್ಚಿ ಹಾಕಿಕೊಂಡು ಕೂತಳು. ನಾನು ಎದುರುಗಡೆ ಕೂತೆ. ಆರ್ಕಿಟೆಕ್ಟ್ ಮೂರನೆಯ ಕಡೆ ಒಂದು ಬೋಗುಣಿ ಮಗುಚಿ ಹಾಕಿ ಅದರ ಮೇಲೆ ಕೂತಳು. ಯಾರು ಯಾರನ್ನು ಕಾಯುತ್ತಿದ್ದೆವೋ. ಬೀದಿಯಲ್ಲಿ ಹೋಗುವವರೆಲ್ಲ ಇಣುಕಿ, ಏನರ ಸಿಕ್ತೇನ್ರಿ ಎಂದು ಕೇಳಿ ಹೋಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಆರ್ಕಿಟೆಕ್ಟ್ ಮೆಲ್ಲಗೆ ನನ್ನ ಕಡೆ ಬಾಗಿ, "ನನ್ನ ನೋಟ್‌ಬುಕ್ ನೋಡಿದ್ರಿ ಅಲ್ರಿ ಆಂಟಿ?" ಎಂದಳು.

"ಯಾರು ಹೇಳಿದ್ರು?"

"ಪುಟದ ಮ್ಯಾಲ ಅರಿಷಿಣದ ಬೆರಳಿತ್ತು."

ನಾನು ಸಾರಿ ಅನ್ನಬೇಕಿತ್ತು. "ಬರದದ್ದು ಸುಳ್ಳೇನಲ್ಲ ಬಿಡು," ಎಂದೆ. ಅವಳು ನಕ್ಕಳು. ನೆಗೆಣ್ಣಿ ನಗಲಿಲ್ಲ; ಅವಳಿಗೆ ಗೊತ್ತಿಲ್ಲದ ಮತ್ತೊಂದು ಮಾತು ನಮ್ಮಿಬ್ಬರ ನಡುವೆ ಇದೆ ಎನ್ನುವುದು ಅವಳ ಲೆಕ್ಕಕ್ಕೆ ಬಂತು.

ಮರುದಿನ ಕಂದೀಲು ಆರಲಿಲ್ಲ. ಗೌಂಡಿ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ಮೂವರು ಹೆಂಗಸರು ಬಾಯಿಯ ಸುತ್ತ ತಲೆ ಕೂಡಿಸಿ ಬಗ್ಗಿದೆವು. ಕೆಳಗಿನಿಂದ ಮೊದಲು ಬಂದದ್ದು ಪಚಪಚ ಸದ್ದು.

"ನೀರು!" ಎಂದು ಕೂಗಿದ. "ಮೊಣಕಾಲು ಮಟ ರಾಡಿ ಅದ್ರಿ. ಈ ಕಡಿ ಮಣ್ಣು ಪೂರಾ ಕರಗ್ಯಾದ. ಕಮಾನಿನ ಕಾಲು ಗಾಳಿ ಮ್ಯಾಲೇ ನಿಂತಂಗ ಅದ."

"ಎಲ್ಲಿ ನೀರು? ಬೀದಿ ಗಟಾರದ್ದೇನು?" ನೆಗೆಣ್ಣಿ ಕೇಳಿದಳು. ಅವಳ ದನಿಯಲ್ಲಿ ಆಸೆಯಿತ್ತು. ಬೀದಿಯವರ ತಪ್ಪಾಗಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಗೌಂಡಿ ಕಂದೀಲನ್ನು ಗೋಡೆಯ ಹತ್ತಿರ ಹಿಡಿದ. "ಅಲ್ರಿ. ಮನಿ ಒಳಗಿಂದ. ಪೈಪು ಒಡದದ. ಇದು..." ಅವನು ಮಾತು ಹುಡುಕಿದ. "ಇದು ಪಾಯಖಾನಿ ಪೈಪ್ ಕಾಣ್ತದ."

ನಮ್ಮ ಮನೆಯಲ್ಲಿ ದೇವಡಿಯ ಹತ್ತಿರ ಇರುವ ಪಾಯಖಾನೆ ಒಂದೇ. ನನ್ನದು. ಮೊಣಕಾಲಿನ ಆಪರೇಷನ್ ಆದ ಮೇಲೆ ಹಿತ್ತಲಿಗೆ ಹೋಗಲಾಗದೆ, ಕೂತು ಏಳಲಾಗದೆ, ನಾನೇ ಹಟ ಹಿಡಿದು ಕಟ್ಟಿಸಿಕೊಂಡ ಬಿಳಿಯ ಪಿಂಗಾಣಿಯ ವೆಸ್ಟರ್ನ್ ಕಮೋಡ್. ದೇವಡಿಗೆ ಅಂಟಿ ಕಟ್ಟಬ್ಯಾಡ್ರಿ, ಅದು ಜೋಳ ಇಟ್ಟ ಜಾಗ ಎಂದು ನೆಗೆಣ್ಣಿ ಆಗ ಹೇಳಿರಲಿಲ್ಲ. ಹೇಗೆ ಹೇಳುತ್ತಾಳೆ? ಮೂಲೆಗೆ ಬ್ಯಾಡ, ಹೊಲಸು ಎಂದಷ್ಟೇ ಜಗಳ ಮಾಡಿದ್ದಳು. ನನ್ನ ಕಮೋಡನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು ಎಂದು ನಾನು ತಿಳಿದುಕೊಂಡಿದ್ದೆ. ನನಗೂ ಹಗೇವಿನ ಜಾಗ ಗೊತ್ತಿತ್ತಲ್ಲ. ಪೈಪು ಅದರ ಪಕ್ಕದಲ್ಲೇ ಹೋಗುತ್ತದೆ ಎಂದು ನನಗೂ ಹೊಳೆದಿತ್ತು. ಹೊಳೆದರೂ ಬಾಯಿ ಬಿಟ್ಟಿರಲಿಲ್ಲ, ಬಿಟ್ಟರೆ ನನಗೆ ಗೊತ್ತಿದೆ ಎನ್ನುವುದು ಬಯಲಾಗುತ್ತಿತ್ತು.

ನೆಗೆಣ್ಣಿ ನಿಧಾನವಾಗಿ ನೆಟ್ಟಗಾದಳು. "ನಿಧಿ ಸಿಕ್ತಲ್ರಿ ಅಕ್ಕಾ," ಎಂದಳು. "ಕಾನ್ವೆಂಟ್ ನಿಧಿ."

ಆರ್ಕಿಟೆಕ್ಟ್ ತುಟಿ ಕಚ್ಚಿಕೊಂಡಳು. ಗೌಂಡಿ ಹಗೇವಿನೊಳಗೇ ಕೆಮ್ಮಿದ. ನನಗೆ ನಗುವೂ ಬಂತು, ಕಣ್ಣೀರೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ. ಸಂಸ್ಥೆಯವರು ಬಾಗಿಲು ಕದಿಯುತ್ತಾರೆಂದು ಶಹಾಪುರದ ತನಕ ಹೋಗಿ ಬಂದಿದ್ದೆ. ದೇವಡಿಯನ್ನು ದಿನಕ್ಕೆ ಇಷ್ಟಿಷ್ಟೇ ಕೆಡವುತ್ತಿದ್ದವಳು ನಾನು.

ಪೈಪು ಕಿತ್ತು ಬೇರೆ ಕಡೆ ತಿರುಗಿಸಿದರು. ರಾಡಿಯನ್ನು ಎರಡು ದಿನ ಬಕೆಟ್ಟಿನಲ್ಲಿ ಎತ್ತಿ ಹಾಕಿದರು. ರಾಡಿಯ ಜೊತೆ ಕಪ್ಪಗಾದ ಜೋಳದ ದಂಟು, ಒಂದು ಮುರಿದ ಬುಟ್ಟಿ, ಮತ್ತೇನಿಲ್ಲ. ಕನಿಷ್ಠ ನಮ್ಮ ಕಣ್ಣಿಗೆ ಬಿದ್ದದ್ದು ಅಷ್ಟೇ. ಆಮೇಲೆ ಆರ್ಕಿಟೆಕ್ಟ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು: ಹಗೇವು ಉಳಿಸಿದರೆ ಕಮಾನು ನಿಲ್ಲುವುದಿಲ್ಲ. ಕಲ್ಲು, ಗಚ್ಚು ಹಾಕಿ ತುಂಬಲೇಬೇಕು. ಹಳೆಯದನ್ನು ಉಳಿಸುವುದೇ ತನ್ನ ಕೆಲಸ, ಹಗೇವೂ ಹಳೆಯದೇ, ಅದನ್ನು ಮುಚ್ಚಿಸಲು ತನಗೂ ಮನಸ್ಸಿಲ್ಲ, ನೀವಿಬ್ಬರೂ ಹ್ಞೂಂ ಅಂದರೆ ಮಾತ್ರ.

ನಾನು ನೆಗೆಣ್ಣಿಯ ಕಡೆ ಕೈ ಮಾಡಿದೆ. "ಅದು ಅಕಿಗೆ ಕೊಟ್ಟ ಜಾಗ. ಅಕಿ ಹೇಳಬೇಕು."

ಅವಳು ತಲೆ ಎತ್ತಿ ಕಮಾನನ್ನು ನೋಡಿದಳು. "ನಕ್ಷೆದಾಗ ಬರೀತೀರೇನು ಇಲ್ಲಿ ಹಗೇವಿತ್ತಂತ?"

"ಬರೀಬೇಕ್ರಿ ಆಂಟಿ. ನಕ್ಷೆದಾಗ ಸುಳ್ಳು ಬರಿಯಾಕ ಬರಂಗಿಲ್ಲ."

"ತುಂಬಿದ ಮ್ಯಾಲ ಬರೀರಿ. ಈಗ ಬ್ಯಾಡ." ಎದ್ದಳು. "ಮತ್ತ, ತುಂಬೋಕಿಂತ ಮುಂಚೆ ಎಲ್ಲಾರೂ ಹೊರಗ ಹೋಗ್ರಿ. ನಾ ಉಡಿ ತುಂಬಬೇಕು. ಬರಿಗೈಲೆ ಮುಚ್ಚಬಾರ್ದು."

ಜೋಳದ ಹಗೇವು ಮುಚ್ಚುವಾಗ ಉಡಿ ತುಂಬುವ ಪದ್ಧತಿ ಇತ್ತೋ, ಅವಳೇ ಹುಟ್ಟಿಸಿದಳೋ ನನಗೆ ತಿಳಿಯದು. ಗೌಂಡಿ, ಆಳುಗಳು, ಆರ್ಕಿಟೆಕ್ಟ್, ಟೇಲರ್ ಎಲ್ಲರೂ ಬೀದಿಗಿಳಿದರು. ನಾನೂ ಕೋಲು ಹಿಡಿದು ಹೊರಟೆ.

"ನೀವೆಲ್ಲಿ ಹೊಂಟ್ರಿ? ಆಮ್ಯಾಲ ಕರೀತೀನಿ, ಬಾಗಲದಾಗ ನಿಲ್ರಿ," ಎಂದಳು.

ಬಾಗಿಲ ಮರೆಯಲ್ಲಿ ನಿಂತೆ. ಹಗೇವಿನ ಬಾಯಿಯ ಅಂಚಿಗೆ ಅವಳು ಕೂರುವುದು, ಕುಂಕುಮ ಹಚ್ಚುವುದು ಕಾಣಿಸಿತು. ಆಮೇಲೆ ಅವಳ ಬೆನ್ನು ಅಡ್ಡವಾಯಿತು. ಒಂದು ತೋಳು ಭುಜದ ತನಕ ಒಳಗಿಳಿಯಿತು, ಬಾಯಿಯ ಕೆಳಗಿನ ಕಲ್ಲಿನ ಗೂಡನ್ನು ತಡಕುವ ಹಾಗೆ. ಅಲ್ಲಿ ಗೂಡು ಇತ್ತೇ? ಗೌಂಡಿ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

"ಬರ್ರಿ ಅಕ್ಕಾ."

ಹೋದೆ. ನನ್ನ ಬೊಗಸೆಗೆ ಜೋಳ ಸುರಿದಳು. ಐವತ್ತು ವರ್ಷದಲ್ಲಿ ಆ ಮೂಲೆಯಲ್ಲಿ ಅವಳು ನನ್ನ ಕೈಗೆ ಏನಾದರೂ ಕೊಟ್ಟದ್ದು ಅದೇ ಮೊದಲು. ಇಬ್ಬರೂ ಕೂಡಿ ಕೆಳಗೆ ಬಿಟ್ಟೆವು. ಕಾಳು ಬಿದ್ದ ಸದ್ದು ಕೇಳಿಸಲೇ ಇಲ್ಲ. ಅವಳು ಏಳುವಾಗ ನನ್ನ ಹೆಗಲು ಹಿಡಿದುಕೊಂಡಳು. ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು, ಅಡಿಕೆಗಿಂತ ದೊಡ್ಡದು. ಬೆಳಿಗ್ಗೆ ಇತ್ತೋ ಇಲ್ಲವೋ ಎಷ್ಟು ನೆನೆಸಿಕೊಂಡರೂ ನನಗೆ ನೆನಪಾಗಲಿಲ್ಲ.

ದೇವಡಿ ನಿಂತಿದೆ. ಬಲಗಾಲಿನ ಕಲ್ಲುಗಳನ್ನು ನಂಬರು ಹಾಕಿ ಬಿಚ್ಚಿ, ಮತ್ತೆ ಅದೇ ನಂಬರಿನಲ್ಲಿ ಕೂರಿಸಿದ್ದಾರೆ. ದಸರೆಗೆ ಮೈದುನ ಬಂದು ಗೋಡೆಗೆ ಅಂಗೈಯಿಂದ ಎರಡು ಸಲ ಗುದ್ದಿ ನೋಡಿ, ಶಟರಿನ ಮಾತು ಎತ್ತಲಿಲ್ಲ. ಟೇಲರ್ ಕಟ್ಟೆಗೆ ವಾಪಸ್ ಬಂದಿದ್ದಾನೆ. ಆರ್ಕಿಟೆಕ್ಟ್ ಎರಡು ತಿಂಗಳಿಗೊಮ್ಮೆ ಬಂದು ಮೊಳೆ ಹುಡುಕುತ್ತಾಳೆ. ಅವಳು ಬಂದಾಗ ನಾವು ಮೂವರೂ ದೇವಡಿಯಲ್ಲೇ ಕೂತು ಚಹಾ ಕುಡಿಯುತ್ತೇವೆ, ಮಾತೆಲ್ಲ ಕನ್ನಡದಲ್ಲೇ. ಸೆರಗಿನಲ್ಲಿ ಏನಿತ್ತು ಎಂದು ನಾನು ನೆಗೆಣ್ಣಿಯನ್ನು ಕೇಳಿಲ್ಲ. ಅವತ್ತು ಆರ್ಕಿಟೆಕ್ಟಿನ ನೋಟ್‌ಬುಕ್ಕಿನಲ್ಲಿ ನಾನು ನಿಜಕ್ಕೂ ಏನು ಓದಿದೆ ಎಂದು ನೆಗೆಣ್ಣಿಯೂ ನನ್ನನ್ನು ಕೇಳಿಲ್ಲ.